ನಮ್ಮ ಹೆಣ್ಣುಮಕ್ಕಳ ವಿದ್ಯೆಯೂ ಧೈರ್ಯವೂ: ಕನ್ಯಾಮಠದ ಶಾಲೆಗಳ ಒಂದು ಸ್ಮರಣೆ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಇಗರ್ಜಿಯ ಕಟ್ಟಡ, ಪೀಠ, ಗಂಟೆಗೋಪುರಗಳ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಕ್ರೈಸ್ತ ಸಮುದಾಯವೊಂದರ ಚರಿತ್ರೆ ಕಲ್ಲುಗಾರೆಗಳಲ್ಲಿ ಮುಗಿಯುವಂಥದಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಕೈಗಳು ಸಹಿ ಹಾಕಲು ಕಲಿತದ್ದು, ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದವರು ಹತ್ತು ಜನರೆದುರು ನಿಂತು ಹೇಳಲು ಕಲಿತದ್ದು ಕೂಡ ನಮ್ಮ ಚರಿತ್ರೆಯೇ. ಈ ಜಿಲ್ಲೆಯ ಕಥೋಲಿಕ ಹೆಣ್ಣುಮಕ್ಕಳಿಗೆ ಆ ಧೈರ್ಯ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಸ್ಮರಿಸಲು ಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ನಮ್ಮ ನಾಡು ಮದರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ಮನೆಗಳಲ್ಲಿ ಕೊಂಕಣಿ, ನೆರೆಹೊರೆಯಲ್ಲಿ ತುಳು, ಶಾಲೆ ಕಚೇರಿಗಳಲ್ಲಿ ಕನ್ನಡ ಇಂಗ್ಲಿಷ್, ಪೂಜೆಯಲ್ಲಿ ಲ್ಯಾಟಿನ್. ಇವುಗಳಲ್ಲಿ ಓದುಬರಹದ ಭಾಷೆಗಳು ಗಂಡುಮಕ್ಕಳ ಪಾಲಿಗೇ ಉಳಿದಿದ್ದವು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯೇ ಅಂದಿನ ಲೆಕ್ಕಾಚಾರ. ಪರರ ಮನೆಗೆ ಹೋಗುವವಳಿಗೆ ಮಾಡುವ ಖರ್ಚು ದಂಡವೆಂಬ ಭಾವನೆ ಬಲವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಹೆಣ್ಣುಮಕ್ಕಳಿಗೂ ಶಾಲೆ ತೆರೆದು ದಾರಿ ತೋರಿಸಿದ್ದರೆಂಬುದನ್ನು ಕೃತಜ್ಞತೆಯಿಂದ ಒಪ್ಪಲೇಬೇಕು. ನಮ್ಮವರಲ್ಲಿ ಆ ಕಾರ್ಯ ಧರ್ಮಭಗಿನಿಯರಿಗಾಗಿ ಕಾದಿತ್ತು.

ಆ ಕಾರ್ಯಕ್ಕೆ ಅಡಿಪಾಯ ಹಾಕಿದವರು ಮದರ್ ವೆರೋನಿಕಾ. 1823ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್, 1850ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿ, ಮರುವರ್ಷ ಸಂತ ಜೋಸೆಫರ ಭಗಿನಿಯರ ಸಭೆಯನ್ನು ಪ್ರವೇಶಿಸಿದರು. 1862ರಲ್ಲಿ ಅವರನ್ನು ಕಲ್ಲಿಕೋಟೆಯ ಕನ್ಯಾಮಠಕ್ಕೆ ಕಳುಹಿಸಲಾಯಿತು. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸುವವರಿಲ್ಲದ ಕೊರತೆಯನ್ನು ಅಲ್ಲಿ ಕಣ್ಣಾರೆ ಕಂಡರು. ಕಾರ್ಮೆಲಿನ ಪ್ರಾರ್ಥನಾ ಜೀವನ, ಶಾಲೆಯ ಸೇವೆ ಎರಡನ್ನೂ ಒಟ್ಟುಗೂಡಿಸಿದ ಭಗಿನಿಯರು ಇಲ್ಲಿಗೆ ಬೇಕೆಂಬುದು ಬಿಷಪ್ ಮರೀ ಎಫ್ರೆಮರ ಅಪೇಕ್ಷೆಯೂ ಆಗಿತ್ತು. ಅದರ ಫಲವಾಗಿ 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್ ನಗರದಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಭೆ ಜನ್ಮ ತಾಳಿತು.

1870ರಲ್ಲಿ ಈ ಸಭೆಯ ಮೂವರು ಭಗಿನಿಯರು ಮಂಗಳೂರಿಗೆ ಹೊರಟರು. ಅದೇ ವೇಳೆಗೆ ಇಲ್ಲಿ ಧ್ಯಾನಮಠವನ್ನು ಕಟ್ಟಲೆಂದು ಹೊರಟ ಕಾರ್ಮೆಲ್ ಕನ್ಯಾಸ್ತ್ರೀಯರಲ್ಲಿ ಮೂವರು, ಮಠದ ಜೀವನ ಆರಂಭವಾಗುವ ಮೊದಲೇ ಪ್ರಾಣಬಿಟ್ಟರು. ಅಕ್ಷರ ಕಲಿಯದ, ಮುಂದೆ 2015ರಲ್ಲಿ ಸಂತ ಪದವಿಗೇರಿದ ಮರಿಯಂ ಬವಾರ್ದಿಯವರು ಬದುಕುಳಿದ ಆ ತಂಡದಲ್ಲಿದ್ದರು. ನಮ್ಮ ಹುಡುಗಿಯರ ಕೈಗೆ ಸ್ಲೇಟು ಬರಲು ತೆತ್ತ ಬೆಲೆ ಅಲ್ಪವಲ್ಲ. ಮದರ್ ಮರೀ ದೆಸ್ ಆಂಜ್ ಅವರ ನೇತೃತ್ವದಲ್ಲಿ ಸೈಂಟ್ ಆನ್ಸ್ ಶಾಲೆ ಪ್ರಾರಂಭವಾಯಿತು. 1873ರಲ್ಲಿ ಬಿಷಪ್ ಮರೀ ಎಫ್ರೆಮರು ದಿವಂಗತರಾದರು. ಬಯೋನಿನ ಮೂಲಮಠವೂ ಮುಚ್ಚಿಹೋಯಿತು. ಬೇರು ಒಣಗಿದರೂ ನೆಟ್ಟ ಕೊಂಬೆ ಇಲ್ಲಿ ಚಿಗುರಿತು. ಕ್ರಮೇಣ ಈ ಊರಿನ ಹೆಣ್ಣುಮಕ್ಕಳೇ ಸಭೆಯನ್ನು ಸೇರಿ ಶಾಲೆಗಳ ಹೊರೆ ಹೊತ್ತರು.

ಈ ಶಾಲೆಗಳು ಹುಡುಗಿಯರಲ್ಲಿ ಆತ್ಮವಿಶ್ವಾಸವನ್ನು ಬೆಳೆಸಿದ್ದು ಹೇಗೆ? ಧೈರ್ಯವೆಂಬುದು ಪಾಠಪುಸ್ತಕದ ವಿಷಯವಲ್ಲ. ಅದನ್ನು ಉಪದೇಶಿಸಿ ತುಂಬಲೂ ಆಗದು. ನಮ್ಮ ದೃಷ್ಟಿಯಲ್ಲಿ ಮುಖ್ಯ ಕಾರಣ ಒಂದೇ. ಅಲ್ಲಿ ಎಲ್ಲ ಹೊಣೆಯೂ ಹೆಂಗಸರ ಕೈಯಲ್ಲಿತ್ತು. ಪಾಠ ಹೇಳುವವರು, ಲೆಕ್ಕಪತ್ರ ಇಡುವವರು, ಸರಕಾರದ ತನಿಖಾಧಿಕಾರಿಗೆ ಉತ್ತರ ಕೊಡುವವರು, ಕಟ್ಟಡ ಕಟ್ಟಿಸುವವರು ಎಲ್ಲರೂ ಸ್ತ್ರೀಯರೇ. ಹೆಂಗಸಿನ ಮಾತಿಗೆ ಒಂದು ಸಂಸ್ಥೆಯೇ ನಡೆಯುವುದನ್ನು ಹುಡುಗಿ ದಿನವೂ ಕಂಡಳು. ತರಗತಿಯಲ್ಲಿ ಎದ್ದು ನಿಂತು ಓದಬೇಕಾದವಳು ಅವಳೇ, ಹಾಡು ನಾಟಕಗಳಲ್ಲಿ ರಾಜನೂ ಮಂತ್ರಿಯೂ ಅವಳೇ, ಚಿಕ್ಕ ಮಕ್ಕಳನ್ನು ಸಾಲಾಗಿ ಕರೆದೊಯ್ಯುವವಳೂ ಅವಳೇ. 'ಅಣ್ಣ ಇದ್ದಾನಲ್ಲ, ಅವನು ಹೇಳಲಿ' ಎಂದು ಹಿಂದೆ ಸರಿಯಲು ಅಲ್ಲಿ ಆಸ್ಪದವಿರಲಿಲ್ಲ. ಶಿಸ್ತು ಬಿಗಿಯಾಗಿತ್ತು, ಕೆಲವೊಮ್ಮೆ ಅತಿಯಾಗಿಯೂ ಇದ್ದಿರಬಹುದು. ಆದರೆ 'ನಿನ್ನಿಂದ ಇದು ಆಗುತ್ತದೆ' ಎಂದು ನಂಬಿ ಕೆಲಸ ಒಪ್ಪಿಸುವವರು ಇದ್ದರು. ನಂಬಿಕೆಯಿಲ್ಲದ ಮೃದುತ್ವಕ್ಕಿಂತ ನಂಬಿಕೆಯಿಂದ ಕೂಡಿದ ಶಿಸ್ತು ಮಗುವನ್ನು ಹೆಚ್ಚು ಬೆಳೆಸುತ್ತದೆ.

ಎರಡನೆಯದಾಗಿ, ಕಲಿತವಳೇ ಕಲಿಸುವವಳಾದಳು. ಶಿಕ್ಷಕಿಯರ ತರಬೇತಿಗೆ ಭಗಿನಿಯರು ವಿಶೇಷ ಗಮನ ಕೊಟ್ಟರು. ತರಬೇತಿ ಪಡೆದ ಯುವತಿಯರು ಹಳ್ಳಿಯ ಶಾಲೆಗಳಲ್ಲಿ ಟೀಚರ್‌ಬಾಯಿಗಳಾದಾಗ, ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಮಾತು ನಮ್ಮಲ್ಲಿ ಅಕ್ಷರಶಃ ನಿಜವಾಯಿತು. ತಿಂಗಳ ಸಂಬಳ ತರುವ ಮಗಳ ಅಭಿಪ್ರಾಯವನ್ನು ಮನೆಯ ಹಿರಿಯರೂ ಕೇಳತೊಡಗಿದರು.

ಆದರೂ ದಾರಿ ದೀರ್ಘವಾಗಿತ್ತು. ಯೇಸುಸಭೆಯ ಗುರುಗಳು ಗಂಡುಮಕ್ಕಳಿಗಾಗಿ ಸೈಂಟ್ ಅಲೋಶಿಯಸ್ ಕಾಲೇಜನ್ನು ತೆರೆದದ್ದು 1880ರಲ್ಲಿ. ಹೆಣ್ಣುಮಕ್ಕಳಿಗಾಗಿ ಸೈಂಟ್ ಆಗ್ನೆಸ್ ಕಾಲೇಜು ತೆರೆದದ್ದು 1921ರಲ್ಲಿ. ಅಣ್ಣನಿಗೂ ತಂಗಿಗೂ ನಡುವೆ 41 ವರ್ಷಗಳ ಅಂತರ! ಮದರ್ ಅಲೋಶಿಯಾರವರ ದೂರದೃಷ್ಟಿಯಿಂದ ಸ್ಥಾಪಿತವಾದ ಈ ಸಂಸ್ಥೆ ಪಶ್ಚಿಮ ಕರಾವಳಿಯ ಮೊದಲ ಮಹಿಳಾ ಕಾಲೇಜು. ಕಥೋಲಿಕರಿಗಷ್ಟೇ ಅಲ್ಲ, ಎಲ್ಲ ಜಾತಿಮತಗಳ ಹೆಣ್ಣುಮಕ್ಕಳಿಗೂ ಅದರ ಬಾಗಿಲು ತೆರೆದಿತ್ತು. ಪರವೂರಿಗೆ ಮಗಳನ್ನು ಕಳುಹಿಸಲು ಅಂಜುತ್ತಿದ್ದ ತಂದೆತಾಯಿಗಳಿಗೆ ಊರಲ್ಲೇ ಪದವಿಯ ಶಿಕ್ಷಣ ದೊರೆತದ್ದು ಎಷ್ಟು ದೊಡ್ಡ ಆಸರೆಯೆಂದು ಇಂದು ಊಹಿಸುವುದೂ ಕಷ್ಟ.

ಅದೇ 1921ರಲ್ಲಿ, ಅದೇ ಜುಲೈ 16ರಂದು, ಬೆಂದೂರಿನ ವಿಚಾರಣೆಯ ಗುರುಗಳಾಗಿದ್ದ ವಂದನೀಯ ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸರು ನಾಲ್ವರು ಯುವತಿಯರೊಂದಿಗೆ ಬೆಥನಿ ಸಭೆಯನ್ನು ಸ್ಥಾಪಿಸಿದರು. ಪೇಟೆಯ ಹುಡುಗಿಗೆ ಶಾಲೆಯಿತ್ತು. ಗದ್ದೆಯ ಅಂಚಿನ ಹುಡುಗಿಗೆ ಇರಲಿಲ್ಲ. ಆ ಕೊರತೆಯನ್ನು ತುಂಬಲು ಬೆಥನಿ ಭಗಿನಿಯರು ಹಳ್ಳಿಗಳಿಗೆ ನಡೆದರು. ಮಾರ್ತಳ ದುಡಿಮೆಯನ್ನೂ ಪ್ರಭುವಿನ ಪಾದದ ಬಳಿ ಕುಳಿತು ಕಲಿತ ಮರಿಯಳ ಶ್ರದ್ಧೆಯನ್ನೂ ನೆನಪಿಸುವ ಆ ಊರಿನ ಹೆಸರು ಸಭೆಗೆ ಎಷ್ಟು ಸಾರ್ಥಕ!

ಮದರ್ ವೆರೋನಿಕಾರವರು 1906ರಲ್ಲಿ ಫ್ರಾನ್ಸಿನ ಪೋ ನಗರದಲ್ಲಿ ತೀರಿಕೊಂಡರು. 2014ರಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು 'ಪೂಜ್ಯೆ' ಎಂದು ಘೋಷಿಸಿದರು. ಆದರೆ ಅವರನ್ನು ಗೌರವಿಸುವ ಬಗೆ ಪ್ರಾರ್ಥನೆಯೊಂದೇ ಅಲ್ಲ. ಶಾಲೆ ಬೆಳೆಸಿದ ಧೈರ್ಯಕ್ಕೆ ಶಾಲೆಯ ಹೊರಗೂ ಸ್ಥಳ ಬೇಕು. ತರಗತಿಯಲ್ಲಿ ಎದ್ದು ನಿಂತವಳು ಮನೆಗೆ ಬಂದು ತನ್ನ ಮದುವೆಯ ಮಾತುಕತೆಯಲ್ಲಿ ಮೌನವಾಗಿ ಕೂರಬೇಕಾದರೆ, ವರದಕ್ಷಿಣೆಯ ಚೌಕಾಸಿಗೆ ತಲೆಬಾಗಬೇಕಾದರೆ, ಭಗಿನಿಯರ ಶ್ರಮವನ್ನು ನಾವೇ ಅರ್ಧದಲ್ಲಿ ನಿಲ್ಲಿಸಿದಂತೆ. 2021ರಲ್ಲಿ ಅದೇ ಜಗದ್ಗುರುಗಳು ವಾಚಕ ಮತ್ತು ಪೀಠಸೇವಕ ಸೇವಾಪದವಿಗಳನ್ನು ಸ್ತ್ರೀಯರಿಗೂ ತೆರೆದರು. ಧರ್ಮಸಭೆಯೇ ತೆರೆದ ಬಾಗಿಲನ್ನು ನಮ್ಮ ಮನೆಗಳೂ ನಮ್ಮ ಪಾಲನಾ ಮಂಡಳಿಯೂ ಅರೆತೆರೆದು ಇಡುವುದು ತರವಲ್ಲ. ಇಗರ್ಜಿಯನ್ನು ಗುಡಿಸಿ ಹೂವಿಡಲು ಕರೆಯುವ ಕೈಗಳನ್ನು ಲೆಕ್ಕಪತ್ರ ನೋಡಲೂ ನಿರ್ಣಯ ಬರೆಯಲೂ ಕರೆಯೋಣ.

ಪ್ರಭು ಯೇಸು ಯಾಯಿರನ ಮಗಳನ್ನು ಕೈಹಿಡಿದು ಎಬ್ಬಿಸಿದರು. ಆಕೆ ಎದ್ದು ತಾನೇ ನಡೆದಾಡಿದಳು. ಒಳ್ಳೆಯ ಶಾಲೆ ಮಾಡುವ ಕೆಲಸವೂ ಇಷ್ಟೇ. ಆ ಪುಣ್ಯಕಾರ್ಯಕ್ಕೆ ಬದುಕನ್ನೇ ಸವೆಸಿದ ಧರ್ಮಭಗಿನಿಯರಿಗೂ, ಮಳೆಗಾಲದ ಕೆಸರು ತುಳಿದು ಶಾಲೆಗೆ ನಡೆದ ಟೀಚರ್‌ಬಾಯಿಗಳಿಗೂ ನಮ್ಮ ಕೃತಜ್ಞತೆಯ ನಮನಗಳು. ಎದ್ದವರು ನಡೆಯಲು ದಾರಿ ಬಿಡುವ ವಿವೇಕವನ್ನು ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.