ಅಗ್ಗದ ಬೇಸ್ ಗಿಟಾರ್: ಒಂದಷ್ಟು ಚರಿತ್ರೆ, ಒಂದಷ್ಟು ಲೆಕ್ಕಾಚಾರ

ಮೊನ್ನೆ ಭಾನುವಾರ ನಮ್ಮ ಕಟ್ಟಡದ ಕೆಳಮನೆಯ ಮಿತ್ರರು ಚಹಾಕ್ಕೆ ಬಂದಿದ್ದರು. ಉಡುಪಿ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿದೆ. ಮಗಳಿಗೆ ಕಾಲೇಜಿನ ಬ್ಯಾಂಡಿನಲ್ಲಿ ನುಡಿಸಲು ಬೇಸ್ ಗಿಟಾರ್ ಬೇಕಂತೆ. "ಧೋಬಿ ತಲಾವಿಗೆ ಹೋಗಿ ವಿಚಾರಿಸಿದೆ ಮಾರಾಯ್ರೆ. 15 ಸಾವಿರದ್ದೂ ಉಂಟು, ಲಕ್ಷ ದಾಟಿದ್ದೂ ಉಂಟು. ನೋಡ್ಲಿಕ್ಕೆ ಎರಡೂ ಒಂದೇ! ಅಗ್ಗದ್ದು ತಂದ್ರೆ ಆಗ್ತದಾ?" ಎಂದು ಕೇಳಿದರು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನಾನು ದೊಡ್ಡ ವಾದಕನೇನಲ್ಲ. ಒಂದು ಕಾಲದಲ್ಲಿ ಅಗ್ಗದ ಬೇಸ್ ಕೊಂಡು ಬೆರಳು ನೋಯಿಸಿಕೊಂಡವನು, ಅಷ್ಟೇ.

ಬೇಸ್ ಎಂದರೆ ನಾಲ್ಕು ದಪ್ಪ ತಂತಿಗಳ, ಮಾಮೂಲಿ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ ವಾದ್ಯ. ಹಿಂದೆ ಈ ಕೆಲಸವನ್ನು ಆಳೆತ್ತರದ ಡಬಲ್ ಬೇಸ್ ಮಾಡುತ್ತಿತ್ತು. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ, ಗದ್ದಲದ ಬ್ಯಾಂಡಿನಲ್ಲಿ ಅದರ ದನಿ ಕೇಳುವುದೂ ಕಷ್ಟ. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಎಂಬವರು ಫ್ರೆಟ್ ಇರುವ ಎಲೆಕ್ಟ್ರಿಕ್ ಬೇಸ್ ಮಾಡಿದ್ದರು. ಆದರೆ ಅದು ನಡೆಯಲಿಲ್ಲ. ನಡೆದದ್ದು 1951ರಲ್ಲಿ, ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ ಹೊರತಂದ 'ಪ್ರಿಸಿಷನ್ ಬೇಸ್'.

ಫೆಂಡರ್ ಮೂಲತಃ ರೇಡಿಯೋ ರಿಪೇರಿಯವರು, ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಪಿಟೀಲು ಮಾಡುವವರ ಕುಸುರಿ ಕೆಲಸವನ್ನೆಲ್ಲ ಬದಿಗಿಟ್ಟು, ಮರದ ಹಲಗೆಗೆ ಮೇಪಲ್ ಮರದ ನೆಕ್ಕನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಕೆಟ್ಟರೆ ಬಿಚ್ಚಿ ಬೇರೆ ಹಾಕಿದರಾಯಿತು. ಬೆಲೆ ಸುಮಾರು 200 ಡಾಲರ್. ಫ್ರೆಟ್ ಇದ್ದುದರಿಂದ ಸ್ವರ ನಿಖರವಾಗಿ ಸಿಗುತ್ತಿತ್ತು. ಪ್ರಿಸಿಷನ್ ಎಂಬ ಹೆಸರು ಬಂದದ್ದು ಅದಕ್ಕೇ. ಅಂದರೆ ಇಂದು ಲಕ್ಷಗಟ್ಟಲೆ ಬೆಲೆಗೆ ಮಾರುವ ಹಳೆಯ ಫೆಂಡರ್‌ಗಳೂ ಹುಟ್ಟಿದ್ದು ಕಾರ್ಖಾನೆಯ ಸರಳ ಸರಕಾಗಿಯೇ.

ಇನ್ನೂ ಅಗ್ಗದವೂ ಇದ್ದವು. ನ್ಯೂಜೆರ್ಸಿಯ ಡ್ಯಾನ್‌ಎಲೆಕ್ಟ್ರೋ ಕಂಪನಿ ಒತ್ತಿದ ಮರದ ಹಾಳೆಯಲ್ಲಿ ವಾದ್ಯ ಮಾಡಿ, ಪಿಕಪ್ಪುಗಳನ್ನು ಲಿಪ್‌ಸ್ಟಿಕ್ ಕೊಳವೆಯಲ್ಲಿ ಕೂರಿಸುತ್ತಿತ್ತು. ಜರ್ಮನಿಯ ಹಾಫ್ನರ್ ಕಂಪನಿ 1956ರಲ್ಲಿ ಪಿಟೀಲಿನ ಆಕಾರದ ಹಗುರ ಬೇಸ್ ತಂದಿತು. 1961ರಲ್ಲಿ ಹ್ಯಾಂಬರ್ಗಿನಲ್ಲಿ ನುಡಿಸುತ್ತಿದ್ದ ಪಾಲ್ ಮೆಕಾರ್ಟ್ನಿಗೆ ಫೆಂಡರ್ ಕೊಳ್ಳುವಷ್ಟು ಕಾಸಿರಲಿಲ್ಲ. ಸುಮಾರು 30 ಪೌಂಡ್ ಕೊಟ್ಟು ಹಾಫ್ನರ್ ಕೊಂಡರು. ಬೀಟಲ್ಸ್ ಎಂದರೆ ಇಂದಿಗೂ ಕಣ್ಣಿಗೆ ಕಟ್ಟುವುದು ಆ ಆಕಾರವೇ. ಆ ಮೊದಲ ವಾದ್ಯ 1972ರಲ್ಲಿ ಕಳುವಾಗಿತ್ತು. ಅದು ಅವರ ಕೈಗೆ ಮರಳಿದ ಸುದ್ದಿ 2024ರಲ್ಲಿ ಬಂದಾಗ ಜಗತ್ತೆಲ್ಲ ಸಂಭ್ರಮಿಸಿತು.

ಇನ್ನು ಹೆಸರಿನ ಮಾತು. 1965ರಲ್ಲಿ ಫೆಂಡರ್ ಕಂಪನಿಯನ್ನು ಸಿಬಿಎಸ್ 1 ಕೋಟಿ 30 ಲಕ್ಷ ಡಾಲರಿಗೆ ಕೊಂಡಿತು. ಕ್ರಮೇಣ, ಅದರಲ್ಲೂ ಎಪ್ಪತ್ತರ ದಶಕದಲ್ಲಿ, ಗುಣಮಟ್ಟ ಕುಸಿಯಿತೆಂಬ ದೂರು ಹೆಚ್ಚಿತು. ಅದೇ ಹೊತ್ತಿಗೆ ಜಪಾನಿನ ನಕಲುಗಳು ಅಮೆರಿಕದ ಪೇಟೆಗೆ ನುಗ್ಗಿದವು. 1977ರಲ್ಲಿ ಗಿಬ್ಸನ್‌ನ ಮಾತೃಸಂಸ್ಥೆ ಐಬನೆಜ್‌ನ ಅಮೆರಿಕದ ವಿತರಕರ ಮೇಲೆ ದಾವೆ ಹೂಡಿತು. ದಾವೆ ಯಾವುದರ ಬಗ್ಗೆ ಗೊತ್ತೇ? ಗಿಟಾರಿನ ತಲೆಭಾಗದ ಆಕಾರದ ಬಗ್ಗೆ! ಕೊನೆಗೆ ಫೆಂಡರ್ ತಾನೇ 1982ರಲ್ಲಿ ಜಪಾನಿನಲ್ಲಿ ತಯಾರಿ ಶುರು ಮಾಡಿತು. ಅಗ್ಗದ 'ಸ್ಕ್ವಯರ್' ಹುಟ್ಟಿದ್ದು ಹಾಗೆ. ಆ ಕಾಲದ ಜಪಾನೀ ಸ್ಕ್ವಯರ್‌ಗಳನ್ನು ಈಗ ಜನ ಹುಡುಕಿ ಕೊಳ್ಳುತ್ತಾರೆ. ಮುಂದೆ ತಯಾರಿ ಕೊರಿಯಾ, ಚೀನಾ, ಇಂಡೋನೇಶಿಯಾಗಳಿಗೆ ಹರಡಿತು.

ಹಾಗಾದರೆ ಅಗ್ಗದ್ದೆಲ್ಲ ಒಳ್ಳೆಯದೇ? ಖಂಡಿತ ಅಲ್ಲ. ಈಗ ಮರ ಕೊರೆಯುವುದು ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರ. ಹಾಗಾಗಿ ಆಕಾರ, ಅಳತೆಗಳಲ್ಲಿ ಮೊದಲಿನಷ್ಟು ಎಡವಟ್ಟಿಲ್ಲ. ಬೆಲೆ ಇಳಿಸುವುದು ಕೈಕೆಲಸದಲ್ಲಿ: ಫ್ರೆಟ್ಟಿನ ಅಂಚು ಉಜ್ಜುವುದು, ಎಲ್ಲ ಫ್ರೆಟ್ಟುಗಳನ್ನು ಒಂದೇ ಮಟ್ಟಕ್ಕೆ ತರುವುದು, ಮರವನ್ನು ಚೆನ್ನಾಗಿ ಒಣಗಿಸುವುದು, ಒಳಗಿನ ವೈರಿಂಗ್.

ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಅಪಸ್ವರ ಬಂದರೆ ತಿಳಿದವರು ಮೇಣ ತೆಗೆದು ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ ಹಾಗಲ್ಲ, ಬಡಿದು ಕೂರಿಸಿದ ಮೇಲೆ ಮುಗಿಯಿತು. ಆದ್ದರಿಂದ ಅಂಗಡಿಯಲ್ಲೇ ನೋಡಬೇಕು. ನೆಕ್ಕನ್ನು ತುದಿಯಿಂದ ಕಣ್ಣಿಟ್ಟು ನೋಡಿ. ತುಸು ಬಾಗಿದ್ದರೆ ಒಳಗಿನ ಕಬ್ಬಿಣದ ಸರಳು ತಿರುಗಿಸಿ ಸರಿಮಾಡಬಹುದು. ನಮ್ಮ ಮುಂಬಯಿಯ ಮಳೆಗಾಲದಲ್ಲಿ ಇದು ಆಗುವುದೇ. ತಿರುಚಿದ್ದರೆ ಮಾತ್ರ ವಾಪಸು ಇಟ್ಟುಬಿಡಿ. ಅಂಚಿನ ಮೇಲೆ ಕೈಯಾಡಿಸಿ, ಚುಚ್ಚಬಾರದು. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ ನುಡಿಸಿ. 12ನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಬಿಟ್ಟ ತಂತಿಯ ಸ್ವರಕ್ಕೆ ಸರಿಯಾಗಿ ಒಂದು ಸ್ಥಾಯಿ ಮೇಲಿರಬೇಕು. ಸ್ವಲ್ಪ ವ್ಯತ್ಯಾಸವಾದರೆ ಬ್ರಿಡ್ಜ್‌ನಲ್ಲಿ ಸರಿಯಾಗುತ್ತದೆ. ಗುಂಡಿ ತಿರುಗಿಸಿದಾಗ ಕರಕರ ಎನ್ನಬಾರದು.

ಇಷ್ಟೆಲ್ಲ ಯಾಕೆ ಹೇಳುತ್ತೇನೆಂದರೆ, ನನ್ನ ಆ ಹಳೆಯ ಬೇಸ್‌ನಲ್ಲಿ ತಂತಿಗಳು ಫ್ರೆಟ್ಟಿನಿಂದ ವಿಪರೀತ ಎತ್ತರದಲ್ಲಿದ್ದವು. ಒತ್ತಿ ಒತ್ತಿ ಕೈ ಸೋತು, 'ಇದು ನನ್ನ ಕೈಗೆ ಒಲಿಯುವ ವಿದ್ಯೆಯಲ್ಲ' ಅಂತ ಆರು ತಿಂಗಳಲ್ಲಿ ಬಿಟ್ಟೆ. ವರ್ಷಗಳ ನಂತರ ಒಬ್ಬ ರಿಪೇರಿಯವರು ಅದನ್ನು ಅರ್ಧ ಗಂಟೆಯಲ್ಲಿ ಸರಿಮಾಡಿಕೊಟ್ಟರು. ಬೆಣ್ಣೆಯಂತೆ ನುಡಿಯಿತು! ಅಷ್ಟರಲ್ಲಿ ಕಲಿಯುವ ವಯಸ್ಸು, ಪುರುಸೊತ್ತು ಎರಡೂ ಕೈಜಾರಿದ್ದವು. ಕೆಟ್ಟ ವಾದ್ಯದ ದೊಡ್ಡ ನಷ್ಟ ದುಡ್ಡಿನದಲ್ಲ. ಕಲಿಯುವ ಮಗು ವಾದ್ಯದ ತಪ್ಪನ್ನು ತನ್ನದೆಂದುಕೊಳ್ಳುತ್ತದೆ.

ಕೊನೆಗೆ ಮಿತ್ರರಿಗೆ ಹೇಳಿದ್ದಿಷ್ಟು: 15 ಸಾವಿರದ್ದೇ ತನ್ನಿ, ಆದರೆ ಮೂರ್ನಾಲ್ಕು ನುಡಿಸಿ ನೋಡಿ ಆರಿಸಿ. ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಒಳ್ಳೆಯ ರಿಪೇರಿಯವರ ಕೈಗೆ ಕೊಟ್ಟು ಶ್ರುತಿ, ತಂತಿ ಎಲ್ಲ ಹದ ಮಾಡಿಸಿ.

ಬರುವ ಶನಿವಾರ ಮೂವರೂ ಧೋಬಿ ತಲಾವಿಗೆ ಹೊರಟಿದ್ದೇವೆ. ಆರಿಸುವುದು ಮಾತ್ರ ಹುಡುಗಿಯೇ.