ಆಮೆ ಕಲಿಸಿದ ಲೆಕ್ಕ

1967ರಲ್ಲಿ ಕಂಪ್ಯೂಟರ್ ಅಂದ್ರೆ ಬೀರುವಿನಷ್ಟು ದೊಡ್ಡ, ಬಲು ದುಬಾರಿ ಯಂತ್ರ. ಅಂಥದ್ದನ್ನ ಮಕ್ಕಳ ಕೈಗೆ ಕೊಡೋಣ ಅಂತ ಹೊರಟವರು ಅಮೆರಿಕದ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಅವರ ಜೊತೆಗಾರರು. ಮಕ್ಕಳಿಗಾಗಿಯೇ ಅವರು ಮಾಡಿದ ಪ್ರೋಗ್ರಾಮಿಂಗ್ ಭಾಷೆ ಲೋಗೊ.

ಆ ಹೊತ್ತಿಗೆ ಶಾಲೆಗಾಗಿ ಕಂಪ್ಯೂಟರ್ ಬಳಸುವ ಪ್ರಯೋಗಗಳು ಶುರುವಾಗಿದ್ದವು. ಹೆಚ್ಚಿನವುಗಳಲ್ಲಿ ಯಂತ್ರ ಪ್ರಶ್ನೆ ಕೇಳೋದು, ಮಗು ಉತ್ತರ ಒತ್ತೋದು. ಪ್ಯಾಪರ್ಟ್ ಇದನ್ನು ತಿರುಗಿಸಿಟ್ಟರು: ಮಗು ಹೇಳಲಿ, ಯಂತ್ರ ಕೇಳಲಿ. ಜಿನೀವಾದಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಅವರಿಗೆ, ಮಗು ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತೆ ಅನ್ನೋ ನಂಬಿಕೆ ಇತ್ತು.

ಕೆಲವೇ ವರ್ಷಗಳಲ್ಲಿ ಲೋಗೊಗೆ ಒಂದು ಆಮೆ ಬಂತು. ಮೊದಲು ಪೆನ್ನು ಹಿಡಿದು ನೆಲದ ಮೇಲೆ ಓಡಾಡುವ ರೋಬೊ, ಆಮೇಲೆ ಪರದೆ ಮೇಲಿನ ಚಿತ್ರ. ತ್ರಿಕೋನ ಬರೆಸಬೇಕು ಅಂದ್ಕೊಳ್ಳಿ. ಪುಸ್ತಕದಲ್ಲಿ ಕೋನ 60 ಡಿಗ್ರಿ ಅಂತಿದೆ. ಹಾಗಾಗಿ ಹುಡುಗಿ ‘ಮುಂದೆ 100, ಬಲಕ್ಕೆ 60’ ಅಂತ ಮೂರು ಸಲ ಹೇಳ್ತಾಳೆ. ತ್ರಿಕೋನ ಬರಲ್ಲ, ಅರ್ಧ ಷಟ್ಕೋನ ಬರುತ್ತೆ! ಯಾಕೆ? ಎದ್ದು ತಾನೇ ನಡೆದು ನೋಡ್ತಾಳೆ. ಮೂಲೆಯಲ್ಲಿ ತಾನು ತಿರುಗೋದು ಹೊರಕೋನದಷ್ಟು, ಅಂದ್ರೆ 180ರಲ್ಲಿ 60 ಕಳೆದು 120. ಒಂದು ಸುತ್ತು ಮುಗಿದರೆ ಒಟ್ಟು 360. ಇಷ್ಟು ರೇಖಾಗಣಿತ ಅವಳಿಗೆ ಸಿಕ್ಕಿದ್ದು ಒಂದು ತಪ್ಪಿನಿಂದ.

ನಮ್ಮ ಆಫೀಸಿನಲ್ಲಿ ಇದಕ್ಕೆ ಬಗ್ ಅಂತೀವಿ, ಕೂತು ಸರಿ ಮಾಡ್ತೀವಿ. ನಮ್ಮೂರ ಶಾಲೆಯಲ್ಲಿ ಇದೇ ತಪ್ಪಿಗೆ ಕೆಂಪು ಗೀಟು ಬೀಳ್ತಿತ್ತು, ಕಥೆ ಅಲ್ಲಿಗೇ ಮುಗೀತಿತ್ತು. ತಪ್ಪನ್ನು ಬಿಡಿಸಿ ನೋಡುವ ಧೈರ್ಯ ಮಗುವಿಗೆ ಕೊಡೋದೇ ಲೋಗೊದ ದೊಡ್ಡ ಆಸೆ. 1980ರಲ್ಲಿ ಬಂದ ಪ್ಯಾಪರ್ಟ್ ಪುಸ್ತಕ ‘ಮೈಂಡ್‌ಸ್ಟಾರ್ಮ್ಸ್’ ತುಂಬಾ ಇದೇ ಮಾತು.

ಹಾಗಂತ ಆಮೆ ಮಾಯಾಮಂತ್ರವೇನೂ ಮಾಡಲಿಲ್ಲ. 80ರ ದಶಕದಲ್ಲಿ ರಾಯ್ ಪೀ ಮತ್ತು ಮಿಡಿಯನ್ ಕುರ್ಲೆಂಡ್ ಪರೀಕ್ಷಿಸಿ ನೋಡಿದಾಗ, ಲೋಗೊ ಕಲಿತ ಮಕ್ಕಳ ಯೋಜನಾಶಕ್ತಿ ಉಳಿದವರಿಗಿಂತ ಹೆಚ್ಚೇನೂ ಕಾಣಲಿಲ್ಲ. ಯಂತ್ರದ ಮುಂದೆ ಕೂರಿಸಿದ ಮಾತ್ರಕ್ಕೆ ಬುದ್ಧಿ ಬೆಳೆಯಲ್ಲ, ‘ಯಾಕೆ ಹೀಗಾಯ್ತು?’ ಅಂತ ಪಕ್ಕದಲ್ಲಿ ಕೂತು ಕೇಳೋ ಮೇಷ್ಟ್ರು ಬೇಕು.

ನಮ್ಮಲ್ಲೂ 1984ರಲ್ಲಿ ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದವು. ಆದರೆ ನಾನು ಓದುವ ಕಾಲಕ್ಕೆ ಕಂಪ್ಯೂಟರ್ ಅಂದ್ರೆ ಚಪ್ಪಲಿ ಹೊರಗೆ ಬಿಟ್ಟು ಹೋಗುವ ಬೇರೆಯೇ ಕೋಣೆ, ಬೇರೆಯೇ ಪಿರಿಯಡ್. ಗಣಿತದ ಮೇಷ್ಟ್ರು ಅತ್ತ ಸುಳೀತಿರಲಿಲ್ಲ.

ಈಗ ನಾವು ಹಳೇ ಲ್ಯಾಪ್‌ಟಾಪ್ ಒಟ್ಟುಮಾಡಿ ಊರ ಶಾಲೆಗೆ ಕೊಡ್ತೀವಿ. ಒಳ್ಳೇದೇ. ಅದರ ಜೊತೆಗೆ ಒಂದು ಶನಿವಾರವನ್ನೂ ಕೊಡಿ. ಪೈಥಾನ್ ಜೊತೆಗೇ ಆಮೆ ಪುಕ್ಕಟೆ ಬರುತ್ತೆ. ಗಣಿತದ ಮೇಷ್ಟ್ರ ಪಕ್ಕ ಕೂತು ಒಂದು ತ್ರಿಕೋನ ಬರೆಸಿ. ಮೊದಲ ಸಲ ಅದು ತಪ್ಪಾಗಲಿ.