ಕಾರೂರಾದಿಂದ ಎರಿಥ್ರೊಪೊಯೆಟಿನ್‌ವರೆಗೆ

ರೋಗಿಯ ಮೂತ್ರವನ್ನು ಶೀಶೆಯಲ್ಲಿಟ್ಟು ನೋಡುವುದಕ್ಕೆ ಹಕೀಮರು ಕಾರೂರಾ ಎನ್ನುತ್ತಾರೆ. ಇಬ್ನ್ ಸೀನಾ (980-1037) ತಮ್ಮ 'ಅಲ್-ಕಾನೂನ್'ನಲ್ಲಿ ಇದಕ್ಕೆ ಎಚ್ಚರಿಕೆಯನ್ನೂ ಸೇರಿಸಿದ್ದರು: ಕೇಸರಿಯಂಥ ಬಣ್ಣದ ಪದಾರ್ಥ ತಿಂದವನ ಮೂತ್ರ ನೋಡಿ ತೀರ್ಮಾನಿಸಬೇಡಿ. ಕೈಯ ಮೆಹೆಂದಿಯನ್ನೂ ಅವರು ಮರೆಯಲಿಲ್ಲ!

ಮೂತ್ರಪಿಂಡದ ಹಾರ್ಮೋನುಗಳ ವಿಷಯದಲ್ಲೂ ಈ ಸಂಶಯ ಬೆನ್ನು ಬಿಡಲಿಲ್ಲ. ರಕ್ತಕಣ ಹೆಚ್ಚಿಸುವ ಎರಿಥ್ರೊಪೊಯೆಟಿನ್ ಹುಟ್ಟುವುದು ಮೂತ್ರಪಿಂಡದಲ್ಲಿ ಎಂದು 1957ರಲ್ಲಿ ಷಿಕಾಗೋದ ಜೇಕಬ್‌ಸನ್, ಗೋಲ್ಡ್‌ವಾಸರ್ ಮತ್ತು ಸಂಗಡಿಗರು ಇಲಿಗಳ ಮೂತ್ರಪಿಂಡ ತೆಗೆದು ತೋರಿಸಿದರು. ಅದನ್ನು ಶುದ್ಧವಾಗಿ ಪಡೆಯಲು ಇನ್ನೂ 20 ವರ್ಷ ಹಿಡಿಯಿತು. ಜಪಾನಿನ ಮಿಯಾಕೆ ಅವರು ಅಪ್ಲಾಸ್ಟಿಕ್ ರಕ್ತಹೀನತೆಯ ರೋಗಿಗಳಿಂದ 2,550 ಲೀಟರ್ ಮೂತ್ರ ಕೂಡಿಸಿದರು. 1977ರಲ್ಲಿ ಅದರಿಂದ ದಕ್ಕಿದ್ದು ಕೆಲವೇ ಮಿಲಿಗ್ರಾಂ. ಆ ರೋಗಿಗಳ ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತದೆ, ಆದ್ದರಿಂದ ಅಷ್ಟಾದರೂ ಸಿಕ್ಕಿತು. ಆರೋಗ್ಯವಂತರ ಮೂತ್ರಕ್ಕೆ ಸೋರುವುದು ಅತ್ಯಲ್ಪ. ಹಾಗಾಗಿ ಇಂದು ಅಳೆಯುವುದು ರಕ್ತದಲ್ಲಿ.

ಪ್ರೊಸ್ಟಗ್ಲಾಂಡಿನ್ ಇ-2 ಕಥೆ ಬೇರೆ. ಮೂತ್ರದಲ್ಲಿರುವ ಅದು ಬಹುಮಟ್ಟಿಗೆ ಮೂತ್ರಪಿಂಡದ್ದೇ ಎಂದು 1975ರಲ್ಲಿ ಫ್ರೋಲಿಕ್ ಮತ್ತು ಸಂಗಡಿಗರು ಹೆಂಗಸರ ಮೂತ್ರ ಪರೀಕ್ಷಿಸಿ ಹೇಳಿದರು. ಗಂಡಸರಲ್ಲಿ ವೀರ್ಯದ ಅಂಶ ಬೆರೆತರೆ ಲೆಕ್ಕ ಕೆಡುತ್ತದೆ.

ನಮ್ಮ ಹೊಂಬಳದಂಥ ಊರುಗಳಲ್ಲಿ "ಮೂತ್ರ ಚಲೋ ಬರ್ತದ, ಮತ್ಯಾಕ ರಕ್ತದ ಸೂಜಿ?" ಎನ್ನುವವರಿದ್ದಾರೆ. ನೀರು ಹೊರಹಾಕುವ ಮೂತ್ರಪಿಂಡವೂ ಹಾರ್ಮೋನು ಮಾಡುವುದನ್ನು ಕಡಿಮೆ ಮಾಡಿರಬಹುದು. ಅದು ಮೊದಲು ಗೊತ್ತಾಗುವುದು ಹಿಮೋಗ್ಲೋಬಿನ್ ಇಳಿದಾಗ.